ಹುಣಸೆ ಹುಳಿ ತಿಂದ ಗಚ್ಚು

ಸಾವಕಾರರ ಜೋಳ ಕೊಳೆತದ್ದು ನನ್ನ ಬಚ್ಚಲ ನೀರಿನಿಂದ. ಆ ನೀರಿಗೆ ದಾರಿ ಮಾಡಿಕೊಟ್ಟವಳೂ ನಾನೇ. ಆಳಂದದ ಮಂದಿ ಆಗ ಕಲ್ಲು ಕೂಡಿಸಿದ ಗೌಂಡಿಯ ಮೇಲೆ ತಪ್ಪು ಹೊರಿಸಿದರು. ಅದು ಸುಳ್ಳು.

ನಾನು ಇಜೇರಿ ಕಡೆಯ ಒಕ್ಕಲುತನದ ಮನೆಯವಳು. ಎರಡನೇ ತರಗತಿಗೆ ಶಾಲೆ ಬಿಟ್ಟೆ. ತವರಲ್ಲಿ ನೆಲವೆಂದರೆ ಮಣ್ಣು. ವಾರಕ್ಕೊಮ್ಮೆ ಸಗಣಿ ಹಾಕಿ ಸಾರಿಸುತ್ತಿದ್ದೆವು, ಬಿರುಕು ಬಿಟ್ಟರೆ ಹಸಿ ಮಣ್ಣು ಮೆತ್ತುತ್ತಿದ್ದೆವು. ಸ್ನಾನಕ್ಕೆ ಹಿತ್ತಲಲ್ಲಿ ಒಂದು ಬಂಡೆ ಇತ್ತು. ನೀರು ಹರಿದು ಬದನೆ ಗಿಡದ ಬುಡಕ್ಕೆ ಹೋಗುತ್ತಿತ್ತು. ಕಲ್ಲಿನ ನೆಲಕ್ಕೂ ಆರೈಕೆ ಬೇಕೆಂಬುದು ನನಗೆ ಗೊತ್ತಿರಲಿಲ್ಲ.

ಗಂಡ ಶಾಲೆಯ ಮಾಸ್ತರ. ಅಫಜಲಪುರದಿಂದ ಆಳಂದಕ್ಕೆ ವರ್ಗವಾಯಿತು. ಅಲ್ಲಿ ಮೊದಲು ಸಿಕ್ಕ ಬಾಡಿಗೆ ಮನೆಯ ಮಾಳಿಗೆಯಿಂದ ಒಂದು ದಿನ ಚೇಳು ಕೂಸಿನ ತೊಟ್ಟಿಲೊಳಗೆ ಬಿತ್ತು. ಕೂಸಿಗೆ ಏನೂ ಆಗಲಿಲ್ಲ. ಆದರೆ ಈ ಮನೆ ಬಿಡದಿದ್ದರೆ ನಾನು ತವರಿಗೆ ಹೋಗುತ್ತೇನೆಂದು ಹಟ ಹಿಡಿದೆ. ಗಂಡ ಹತ್ತು ಮಂದಿಯಿಂದ ಹೇಳಿಸಿ ಸಾವಕಾರರ ದೊಡ್ಡ ಕಲ್ಲುಮನೆಯಾದ ವಾಡೆಯಲ್ಲಿ ಒಂದು ಬದಿಯ ಮೂರು ಕೋಣೆ ಹಿಡಿದ.

ಅಲ್ಲಿ ನೆಲಕ್ಕೆ ಎಲ್ಲ ಕಡೆ ಶಹಾಬಾದಿ ಫರಸಿಯ ಹಾಸುಗಲ್ಲು. ಕಲ್ಲಿಗೂ ಕಲ್ಲಿಗೂ ನಡುವಿನ ಸಂದಿಯಲ್ಲಿ ಸುಣ್ಣದ ಗಚ್ಚು ತುಂಬಿತ್ತು. ಬಚ್ಚಲಲ್ಲಿ ಒಲೆಯ ಮೇಲೆ ಕಟ್ಟಿ ಕೂಡಿಸಿದ ತಾಮ್ರದ ಹಂಡೆ. ನಾವು ಬರುವ ಮುಂಚೆ ಒಬ್ಬ ವಯಸ್ಸಾದ ಗೌಂಡಿ ಬಚ್ಚಲ ಫರಸಿಯನ್ನು ಕಿತ್ತು ಹೊಸದಾಗಿ ಕೂಡಿಸಿದ್ದ. ನಾವು ಬಂದ ದಿನ, ಎಂಟು ದಿನ ನೀರು ಬಿಡಬೇಡಿ ಎಂದು ನನಗೆ ಹೇಳಿ ಹೋದ. ನಾನು ಹದಿನೈದು ದಿನ ಬಿಡಲಿಲ್ಲ.

ಆ ಬಾವಿಯ ನೀರು ಗಡಸು. ತಿಂಗಳೊಳಗೆ ಮೋರಿಯ ಸುತ್ತ ಕಲ್ಲಿನ ಮೇಲೆ ಬಿಳಿ ಪದರ ಕಟ್ಟಿತು. ಬೂದಿ ಹಾಕಿ ತಿಕ್ಕಿದೆ, ಇಟ್ಟಂಗಿ ಪುಡಿ ಹಾಕಿ ಗೋಣಿಚೀಲದ ತುಂಡಿನಿಂದ ತಿಕ್ಕಿದೆ, ಹೋಗಲಿಲ್ಲ. ಸಾವಕಾರರ ಹೆಂಡತಿ ಸೋಮವಾರಕ್ಕೊಮ್ಮೆ ಬಂದು ಬಚ್ಚಲಲ್ಲಿ ಇಣುಕಿ, ಕಾಲಿನ ಹೆಬ್ಬೆರಳಿನಿಂದ ಕಲ್ಲು ಗೀರಿ ನೋಡುತ್ತಿದ್ದಳು.

"ಫರಸಿ ಬೂದಿ ಬಡದಂಗ ಆಗ್ಯಾದಲ್ಲ ಬೇ. ಮಾಸ್ತರ ಹೇಂತಿ ಕೈಗೆ ಬ್ಯಾನಿ ಬಂದದೇನು?" ಅಂದಳು.

ಅವತ್ತು ಹಂಡೆ ಬೆಳಗಿ ಉಳಿದ ಹುಣಸೆಹಣ್ಣನ್ನು ಸಿಟ್ಟಿನಿಂದ ಕಲ್ಲಿಗೆ ಉಜ್ಜಿದೆ. ಬುರುಬುರು ನೊರೆ ಬಂತು. ಹೊಲಸು ಕುದ್ದು ಹೋಗುತ್ತಿದೆ ಎಂದು ತಿಳಿದೆ. ತೊಳೆದಾಗ ಬಿಳುಪು ಹೋಗಿತ್ತು. ಆಮೇಲೆ ಅದೇ ರೂಢಿಯಾಯಿತು. ಮಧ್ಯಾಹ್ನ ಹುಣಸೆ ಕಿವುಚಿ ಕಲ್ಲಿನ ಮೇಲೂ ಸಂದಿಯೊಳಗೂ ಹಚ್ಚಿ, ಸಂಜೆ ತೊಳೆಯುತ್ತಿದ್ದೆ. ಸಾವಕಾರರ ಹೆಂಡತಿ ಜಿಡಗಾದಿಂದ ಬಂದ ಬೀಗತಿಗೆ ನನ್ನ ಬಚ್ಚಲು ತೋರಿಸಿದಳು. ನಾನು ಉಬ್ಬಿದೆ. ಮೋರಿಯಿಂದ ಹೊರಗೆ ಹೋಗುವ ನೀರು ಕಡಿಮೆಯಾಗಿತ್ತು. ಅದನ್ನೂ ಕಂಡಿದ್ದೆ. ಚೊಕ್ಕ ಇಟ್ಟದ್ದಕ್ಕೆ ಬಚ್ಚಲು ಬೇಗ ಒಣಗುತ್ತದೆ ಎಂದುಕೊಂಡೆ. ಅಷ್ಟು ತಿಳಿವಳಿಕೆ ನನ್ನದು.

ಬಚ್ಚಲ ಗೋಡೆಯ ಆಚೆ ಸಾವಕಾರರ ಅಂಗಳ. ಅಂಗಳದಲ್ಲಿ ನೆಲದೊಳಗೆ ಅವರ ಹಗೇವು. ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಟ್ಟ ಆಳದ ಕುಣಿ ಅದು. ಯುದ್ಧದ ಕಾಲ, ಪೇಟೆಯಲ್ಲಿ ಜೋಳ ಸಿಗುತ್ತಿರಲಿಲ್ಲ. ಹಗೇವು ತೆಗೆದ ದಿನ ವಾಡೆಯ ತುಂಬ ನಾತ ಹರಡಿತು. ಒಳಗಿನ ಕೆಟ್ಟ ಗಾಳಿ ಹೋಗಲಿ ಎಂದು ಒಂದು ದಿನ ಬಿಟ್ಟು ಆಳುಗಳನ್ನು ಇಳಿಸಿದರು. ನಮ್ಮ ಬದಿಯ ಜೋಳ ಕಪ್ಪಾಗಿ ಹೆಂಟೆ ಕಟ್ಟಿತ್ತು. ಕುಣಿಯ ಗೋಡೆಯಿಂದ ನೀರು ಜಿನುಗುತ್ತಿತ್ತು. ಸಾವಕಾರರು ಗೌಂಡಿಯನ್ನು ಕರೆಸಿದರು.

ಗೌಂಡಿ ನಮ್ಮ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಸಂದಿಯೊಳಗೆ ಬೆರಳು ಇಟ್ಟ. ಗೆಣ್ಣಿನ ತನಕ ಒಳಗೆ ಹೋಯಿತು.

"ಗಚ್ಚು ಕರಗ್ಯಾದ. ಹುಳಿ ಏನರ ಹಾಕಿದ್ರೇನ್ರಿ ಯವ್ವಾ?" ಎಂದು ಕೇಳಿದ.

ಬಾಗಿಲಲ್ಲಿ ಸಾವಕಾರರು, ಅವರ ಹೆಂಡತಿ, ನನ್ನ ಗಂಡ ನಿಂತಿದ್ದರು. ಕೂಸು ನನ್ನ ಬಗಲಲ್ಲಿತ್ತು.

"ಇಲ್ಲ," ಅಂದೆ. "ಬೂದಿ, ಇಟ್ಟಂಗಿ ಪುಡಿ, ಅಷ್ಟೇ."

ಸಾವಕಾರರ ಹೆಂಡತಿ ನನ್ನ ಪರವಾಗಿ ನಿಂತಳು. ಇಷ್ಟು ಚೊಕ್ಕ ಇಡುವ ಬಾಡಿಗೆದಾರಳನ್ನು ತಾನು ಕಂಡೇ ಇಲ್ಲ ಅಂದಳು. ಸಾವಕಾರರು ಗೌಂಡಿಗೆ, "ಸುಣ್ಣ ಹಾಕಿದ್ಯೋ, ಜ್ವಾಳದ ಹಿಟ್ಟು ಹಾಕಿದ್ಯೋ? ಹೊಸ ವಾಡೇಕ್ಕ ನೀ ಕೈ ಹಚ್ಚಬ್ಯಾಡ," ಅಂದರು. ಸಾವಕಾರರು ಕಟ್ಟಿಸಲಿದ್ದ ಆ ಹೊಸ ವಾಡೆ ಅವನಿಗೆ ಎರಡು ವರ್ಷದ ಕೆಲಸ. ಗೌಂಡಿ ನನ್ನನ್ನು ಒಂದು ಸಲ ನೋಡಿದ. ಬೆರಳನ್ನು ಧೋತರಕ್ಕೆ ಒರಸಿಕೊಂಡು ಹೊರಟುಹೋದ.

ಸಂಜೆ ನೀರಿಗೆ ಹೋದಾಗ ಬಾವಿಯ ಕಟ್ಟೆಯಲ್ಲಿ ಹೆಂಗಸರು ಅದನ್ನೇ ಆಡುತ್ತಿದ್ದರು. ಅವನು ಕಟ್ಟಿದ ಗೋಡೆಗೆ ಮಳೆಗಾಲದಲ್ಲಿ ಕೊಡೆ ಹಿಡಿಯಬೇಕು ಎಂದು ಒಬ್ಬಳು ನಕ್ಕಳು. ಮತ್ತೊಬ್ಬಳು, ಮೈದುನನ ಮನೆ ಕೆಲಸಕ್ಕೆ ಅವನಿಗೆ ಹೇಳಿದ್ದೆವು, ಇನ್ನು ಬೇರೆಯವರನ್ನು ನೋಡಬೇಕು ಅಂದಳು. ಮುಂಜಾನೆ ನಾನು ಹೇಳಿದ ಒಂದು ಸುಳ್ಳು ಸಂಜೆಗೆ ಅವನ ಎರಡು ಮನೆಯ ಕೆಲಸ ತಿಂದಿತ್ತು. ಕೊಡ ಪೂರ್ತಿ ತುಂಬದೆಯೇ ಮನೆಗೆ ಬಂದೆ.

ಗಂಡನಿಗೆ ಎಲ್ಲ ಹೇಳಿದೆ. ಅವನು ಎದ್ದು ಬಾಗಿಲು ಮುಚ್ಚಿದ.

"ಬಾಯಿ ಮುಚ್ಚಿಕೊಂಡು ಇರು. ಕೂಸಿನ್ನ ಕಟಗೊಂಡು ಎಲ್ಲಿ ಹೋಗೂದು? ಮತ್ತ ಚೇಳಿನ ಮನೀಗೇನು?"

ಅವನು ಕೆಟ್ಟವನಲ್ಲ. ಅಂಜಿದ್ದ. ನಾನೂ ಅಂಜಿದ್ದೆ. ಆದರೆ ಅಡುಗೆ ಮಾಡುವಾಗ ಹುಣಸೆಹಣ್ಣಿನ ಗಡಿಗೆಗೆ ಕೈ ಹಾಕಲು ನನಗೆ ಆಗಲಿಲ್ಲ. ಅವತ್ತು ಬ್ಯಾಳಿ ಸಾರು ಹುಳಿಯಿಲ್ಲದೆ ಸಪ್ಪಗೇ ಉಂಡೆವು.

ಮರುದಿನ ಬೆಳಿಗ್ಗೆ ಸಾವಕಾರರು ವಾಡೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಬೇವಿನ ಕಡ್ಡಿಯಿಂದ ಹಲ್ಲು ಉಜ್ಜುತ್ತಿದ್ದರು. ಅಲ್ಲಿಯ ತನಕ ನಾನು ಅವರೊಡನೆ ಒಂದು ಮಾತೂ ಆಡಿದವಳಲ್ಲ. ಸೆರಗು ಹೊದ್ದು ಎದುರಿಗೆ ಹೋಗಿ ನಿಂತೆ.

"ಗೌಂಡಿದು ತಪ್ಪಿಲ್ರಿ. ನಾಕು ತಿಂಗಳು ಸಂದಿನಾಗ ಹುಣಸೀಹಣ್ಣು ಹಚ್ಚೀನಿ. ನಿನ್ನಿ ಸುಳ್ಳು ಹೇಳಿದೆ."

ಅವರು ಉಗುಳಿ ಬಾಯಿ ತೊಳೆದುಕೊಂಡರು. ನನ್ನ ಕಡೆ ನೋಡಲಿಲ್ಲ. ಹಿಂದೆ ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನಿಗೆ ಹೇಳಿದರು:

"ಮಾಸ್ತರ್ರ, ಅಮಾಸಿ ಒಳಗ ಮನಿ ಖಾಲಿ ಮಾಡ್ರಿ. ಗೌಂಡಿ ಕೆಲಸಕ್ಕ ಬರಲಿ. ಆದ್ರ ಕರೀಲಿಕ್ಕೆ ನಾ ಮಂದಿ ಕಳಸೂದಿಲ್ಲ. ಸುಳ್ಳು ಹೇಳಿದಾಕಿನೇ ಹೋಗಿ ಹೇಳಲಿ."

ಕೂಸನ್ನು ಗಂಡನ ಕೈಗೆ ಕೊಟ್ಟೆ. ಗೌಂಡಿಗಳ ಓಣಿ ಯಾವ ಕಡೆ ಎಂದು ನನಗೆ ಗೊತ್ತಿರಲಿಲ್ಲ. ಪೇಟೆಯ ನಡುವೆ ಇಬ್ಬರನ್ನು ಕೇಳಿ, ಅವನ ಬಾಗಿಲಿಗೆ ಹೋಗಿ, ಅವನ ಹೆಂಡತಿಯೂ ಅಕ್ಕಪಕ್ಕದವರೂ ಕೇಳುವಷ್ಟು ದನಿ ತೆಗೆದು, ಸುಳ್ಳು ಹೇಳಿದವಳು ನಾನೆಂದೂ ಸಾವಕಾರರು ಕೆಲಸಕ್ಕೆ ಕರೆದಿದ್ದಾರೆಂದೂ ಹೇಳಿದೆ.