ಒಂದನೇ ತಾರೀಖಿನ ಮೇಲ್

ನಾನು ಗದಗಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತನಾದವನು. ಕನ್ನಡದ ಮುಕ್ತ ತಂತ್ರಾಂಶ ಬಳಗವೊಂದರ ಮೇಲಿಂಗ್ ಲಿಸ್ಟ್‌ಗಳನ್ನು ಈಗಲೂ ಸಂಬಳವಿಲ್ಲದೆ ನೋಡಿಕೊಳ್ಳುತ್ತೇನೆ. ಒಂದು ವಿಳಾಸಕ್ಕೆ ಬರೆದರೆ ಎಲ್ಲ ಸದಸ್ಯರಿಗೂ ತಲುಪುವ ಇ-ಮೇಲ್ ವ್ಯವಸ್ಥೆಗೆ ಆ ಹೆಸರು. ಹೋದ ವರ್ಷ ಅವುಗಳನ್ನು ಹೊಸದಾಗಿ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಫಾಂಟಿಗೊಂದು, ಅನುವಾದಕ್ಕೊಂದು, ದೂರಿಗೊಂದು ಎಂದು ಪಟ್ಟಿಗಳು ಬೆಳೆದು, ಒಂದೇ ಪ್ರಶ್ನೆ ಮೂರು ಕಡೆ ಬಂದು ಎಲ್ಲೂ ಉತ್ತರ ಸಿಗುತ್ತಿರಲಿಲ್ಲ. ಎಲ್ಲವನ್ನೂ ಎರಡು ಪಟ್ಟಿಗೆ ಇಳಿಸಿ, ಹಳೆಯ ಸರ್ವರ್ ಮುಚ್ಚಿ, ಹೊಸ ಪ್ರೋಗ್ರಾಮಿಗೆ ಹೋಗುವುದೆಂದು ಬಳಗ ತೀರ್ಮಾನಿಸಿತು.

ಹಳೆಯ ಪ್ರೋಗ್ರಾಮ್ ಪ್ರತಿ ತಿಂಗಳ ಒಂದನೇ ತಾರೀಖು ತಾನಾಗಿಯೇ ಪ್ರತಿಯೊಬ್ಬ ಸದಸ್ಯರಿಗೂ ನೆನಪಿನ ಮೇಲ್ ಕಳಿಸುತ್ತಿತ್ತು. ಆ ಮೇಲಿನ ಒಕ್ಕಣೆಯನ್ನು ಕನ್ನಡಕ್ಕೆ ತಂದವರು ನಮ್ಮ ಬಳಗದ ಸದಸ್ಯ, ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ವೀರಣ್ಣ. "ಆರಾಮ ಅದೀರಿಲ್ರಿ? ನೀವು ನಮ್ಮ ಪಟ್ಟಿಯೊಳಗ ಇನ್ನೂ ಅದೀರಿ. ಬ್ಯಾಡಾಗಿದ್ರ ಹೇಳ್ರಿ, ಸಿಟ್ಟ ಮಾಡ್ಕೊಳ್ಳಂಗಿಲ್ಲ."

ಇದೆಂಥ ಭಾಷೆ ಎಂದು ಬಳಗದ ಕೆಲವರು ಮೂಗು ಮುರಿದಿದ್ದರು. ವೀರಣ್ಣ ಜಗ್ಗಲಿಲ್ಲ. "ಅಂಗಡಿಗಿ ಬಂದಾವ್ರನ್ನ ಹೀಂಗ ಮಾತಾಡಸ್ತೇನ್ರಿ. ಮೇಲಿಗೆ ಬ್ಯಾರೆ ಬಾಯಿ ಎಲ್ಲಿಂದ ತರ್ಲಿ?" ಎಂದು ಬರೆದರು. ವಾದ ಅಲ್ಲಿಗೆ ಮುಗಿಯಿತು.

ಪಟ್ಟಿಗಳನ್ನು ಬದಲಿಸುವ ಮೊದಲೇ ವೀರಣ್ಣ ಎದೆನೋವಿನಿಂದ ತೀರಿಕೊಂಡಿದ್ದರು. ಅವರ ವಿಳಾಸ ತೆಗೆಯುವ ಮನಸ್ಸು ನಮಗೆ ಯಾರಿಗೂ ಬರಲಿಲ್ಲ. ಹೊಸ ಪ್ರೋಗ್ರಾಮಿಗೂ ಅದನ್ನು ಜೋಪಾನವಾಗಿ ಒಯ್ದೆ. ಆದರೆ ಆ ಪ್ರೋಗ್ರಾಮಿನಲ್ಲಿ ತಿಂಗಳ ನೆನಪಿನ ಮೇಲ್ ಕಳಿಸುವ ಸೌಲಭ್ಯ ಇರಲಿಲ್ಲ. ಯಾರೂ ಓದುವುದಿಲ್ಲ, ಹೋದರೆ ಹೋಗಲಿ ಎಂದರು ಎಲ್ಲರೂ.

ಹಳೆಯ ಸರ್ವರ್ ಮುಚ್ಚಿದ ಮೇಲೆ ವೀರಣ್ಣನವರ ಹೆಂಡತಿ ಶಾಂತಕ್ಕನ ಫೋನ್ ಬಂತು.

"ಸರ್, ನಮ್ಮ ಮನಿಯವರ ಮೇಲ್ ಬರವಲ್ತು."

ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಇದೆ ಎಂದು ಸಮಾಧಾನ ಹೇಳಿದೆ.

"ಅದಲ್ರಿ. ಒಂದನೇ ತಾರೀಖಿಗೆ ಆರಾಮ ಅದೀರಿಲ್ರಿ ಅಂತ ಕೇಳ್ತಿದ್ರಲ್ರಿ, ಅದು. ಅವರ ಫೋನ್ ನನ್ನ ಕಡೇನ ಐತಿ. ಅದನ್ನ ಓದಿ, ಹೂಂ ಅದೀನಿ ಅಂದ ಮ್ಯಾಲ ನಾ ಚಹಾ ಕುಡೀತಿದ್ದೆ."

ಮರುದಿನ ಬಸ್ ಹಿಡಿದು ಲಕ್ಷ್ಮೇಶ್ವರಕ್ಕೆ ಹೋದೆ. ಹಳೆಯ ಮೇಲ್‌ಗಳೆಲ್ಲ ಫೋನಿನಲ್ಲೇ ಇವೆ ಎಂದು ತೆಗೆದು ತೋರಿಸಿದೆ.

"ಗೊತ್ತೈತ್ರಿ. ಅವು ಆಗ ಕೇಳಿದ್ದು. ಈಗ ಯಾರ ಕೇಳ್ತಾರ?"

"ತಿಂಗಳಾ ನಾನ ಕಳಸ್ತೇನ್ರಿ ಅಕ್ಕಾರ, ಅವರ ಮಾತಿನಾಗ."

ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀವು ಕಳಿಸಿದ್ರ ನೀವು ಕೇಳಿದಂಗ ಆಗ್ತೈತ್ರಿ ಸರ್. ಬ್ಯಾಡ ಬಿಡ್ರಿ. ಚಹಾ ತಗೋರಿ."

ನನಗೆ ಚಹಾ ಕೊಟ್ಟರು. ತಾವು ಕುಡಿಯಲಿಲ್ಲ. ಬಸ್ಸಿನಲ್ಲಿ ಮರಳುವಾಗ ನನಗೆ ಅಳು ತಡೆಯಲಾಗಲಿಲ್ಲ.

ವೀರಣ್ಣನವರ ಮಾತು ಪೂರ್ತಿ ಅಳಿಯಬಾರದೆಂದು ಅದನ್ನು ತುಸು ಬದಲಿಸಿ ಹೊಸ ಪಟ್ಟಿಯ ಸ್ವಾಗತದ ಮೇಲ್‌ಗೆ ಹಾಕಿದೆ. ಈ ಸಲ ಯಾರೂ ಮೂಗು ಮುರಿಯಲಿಲ್ಲ. ಓದಿದ ಹುಡುಗರು ನಕ್ಕು, ಯಾರು ಬರೆದದ್ದು ಎಂದು ಕೇಳುತ್ತಾರೆ, ಹೆಸರು ಹೇಳುತ್ತೇನೆ. ಪಟ್ಟಿ ನಡೆಸುವವನು ಬರೆಯುವವರನ್ನಷ್ಟೇ ಅಲ್ಲ, ಸದ್ದಿಲ್ಲದೆ ಓದುವವರನ್ನೂ ಕೇಳಿಯೇ ಬದಲಾವಣೆಗೆ ಕೈಹಾಕಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಕಲಿಯುವ ಹೊತ್ತಿಗೆ ತಡವಾಗಿತ್ತು. ಸ್ವಾಗತದ ಮೇಲ್ ಹೋಗುವುದು ಹೊಸದಾಗಿ ಬಂದವರಿಗೆ ಮಾತ್ರ. ಲಕ್ಷ್ಮೇಶ್ವರದ ಆ ಮನೆಗೆ ಅದು ಹೋಗುವುದಿಲ್ಲ.