ಬಾಡಿಗೆಗೆ ಸಿಗುವ ಗಂಡಸರು

ಬಸ್ ನಿಲ್ದಾಣದ ಹಿಂದೆ, ಬೀಗ ರಿಪೇರಿಯವನ ಪಕ್ಕದಲ್ಲಿ ಅಕ್ಕನ ಬಾಡಿಗೆ ಪುಸ್ತಕದಂಗಡಿ. ಜ್ಞಾನದ ಪುಸ್ತಕಗಳು ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಿದ್ದವು. ಅಂಗಡಿಯ ಹೊಟ್ಟೆ ಹೊರೆಯುತ್ತಿದ್ದವರು ಕೆಳಗಿನ ಸಾಲಿನ ಪ್ರೇಮ ಕಾದಂಬರಿಗಳ ದುಷ್ಟ ನಾಯಕರು. ನಾಯಕಿಯನ್ನು ಹೊತ್ತೊಯ್ಯುವವನು, ಕೋಣೆಯಲ್ಲಿ ಕೂಡಿಹಾಕುವವನು, ಅವಳತ್ತ ನೋಡಿದವನ ಕಣ್ಣು ಕೀಳುವವನು. ಎಲ್ಲರಿಗೂ ಚೂಪು ಗದ್ದ, ಎದೆಯೊಳಗೊಂದು ಹಳೆಯ ಗಾಯ.

ಹೊಸ ಪುಸ್ತಕ ಬಂದರೆ ಅಕ್ಕ ಕೊನೆಯ ಅಧ್ಯಾಯವನ್ನೇ ಮೊದಲು ಓದುವಳು. ನಾಯಕ ತಿದ್ದಿಕೊಂಡರೆ ಪುಸ್ತಕದ ಬೆನ್ನಿಗೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ಕೆಂಪಿನದು ಕೈಯಿಂದ ಕೈಗೆ ಹೋಗುತ್ತ ಕಪಾಟಿಗೆ ಮರಳುತ್ತಲೇ ಇರಲಿಲ್ಲ. ಗಿರಾಕಿಯ ರುಚಿ ವಿಚಾರಿಸುವುದು ವ್ಯಾಪಾರಿಯ ಕೆಲಸವಲ್ಲ ಎಂಬುದು ಅವಳ ಲೆಕ್ಕ. ಮನೆಯಲ್ಲೇ ಒಬ್ಬಳು ಗಿರಾಕಿ ಬೆಳೆಯುತ್ತಿದ್ದುದು ಆ ಲೆಕ್ಕಕ್ಕೆ ಬಂದಿರಲಿಲ್ಲ.

"ಅವರು ನನ್ನ ಫೋನ್ ತೆಗೆದು ನೋಡ್ತಾರೆ ಕಣೇ ಅಕ್ಕ," ಎಂದಳು ತಂಗಿ ಒಂದು ದಿನ. ಅವರೆಂದರೆ ಅವಳನ್ನು ಮದುವೆಗೆ ಕೇಳಿದ್ದ ಟೈರ್ ಅಂಗಡಿಯವನು. "ಗೆಳತಿ ಮನೆಗೆ ಹೋಗ್ಬೇಡ ಅಂದ್ರು. ಎಷ್ಟು ಪ್ರೀತಿ ನೋಡು!"

"ಅದು ಪ್ರೀತಿ ಅಲ್ಲ, ಕಾವಲು."

"ನಿನ್ನ ಪುಸ್ತಕದಲ್ಲಿ ಇದಕ್ಕೇ ಪ್ರೀತಿ ಅಂತಾರಲ್ಲ. ಇವರೂ ಹಸಿರು ಚೀಟಿನೇ, ತಿದ್ಕೋತಾರೆ."

"ಪುಸ್ತಕದವನನ್ನ ತಿದ್ದೋಕೆ ಬರೆದವಳಿದಾಳೆ. ಇವನನ್ನ ತಿದ್ದೋಳು ಯಾರು, ನೀನಾ?"

ತಂಗಿ ಮುಖ ಊದಿಸಿಕೊಂಡಳು. ಮುಂದಿನ ವಾರ ಮದುವೆಗೆ ಹೂಂ ಅನ್ನುತ್ತೇನೆಂದು ಅವನಿಗೆ ಹೇಳಿಯಾಗಿತ್ತು. ಅಕ್ಕನ ಸರಕು ಅಕ್ಕನಿಗೇ ತಿರುಗಿಬಿದ್ದಿತ್ತು.

ಶನಿವಾರ ಸಂಜೆ ತಂಗಿ ಅಂಗಡಿಯಲ್ಲಿ ಕೂತಿದ್ದಾಗ ಅವನು ಅಲ್ಲಿಗೇ ಬಂದ. "ಏಳು, ಹೊರಡು."

"ಗಿರಾಕಿ ಇದಾರೆ, ಸ್ವಲ್ಪ ತಡೀರಿ," ಎಂದಳು ತಂಗಿ.

ಅವನು ಮಣಿಕಟ್ಟು ಹಿಡಿದೆಳೆದ. ಇಂಥ ಹಿಡಿತಕ್ಕೆ ಪುಸ್ತಕದ ನಾಯಕಿಯ ಎದೆ ಡವಡವ ಎನ್ನುತ್ತದೆ. ತಂಗಿಯ ಕೈ ಕೆಂಪಾಯಿತು, ಅಷ್ಟೆ.

"ನೋಯ್ತಿದೆ, ಬಿಡಿ."

ಬಿಡಲಿಲ್ಲ. ಕಪಾಟಿನ ಬಳಿ ಒಂದೇ ಕೆಂಪು ಚೀಟಿಯ ಪುಸ್ತಕಕ್ಕಾಗಿ ಕಿತ್ತಾಡುತ್ತಿದ್ದ ನರ್ಸಮ್ಮ, ಲೆಕ್ಕದ ಟೀಚರು ಇಬ್ಬರೂ ತಿರುಗಿದರು. ನರ್ಸಮ್ಮ ಐನೂರು ಪುಟದ ಅಪಹರಣಕಾರನನ್ನೆತ್ತಿ ಅವನ ಮೊಣಕೈಗೆ ಬಾರಿಸಿದಳು. "ಬಿಡು ಅಂದ್ರೆ ಬಿಡ್ಬೇಕು ಕಣೋ!"

"ನೀವೆಲ್ಲ ಓದೋದು ಇಂಥವರನ್ನೇ ಅಲ್ವಾ?" ಎಂದ ಅವನು, ಮೊಣಕೈ ತಿಕ್ಕಿಕೊಳ್ಳುತ್ತ.

"ಓದೋಕೆ ಹುಲಿನೂ ಚಂದ ಕಣಪ್ಪ," ಎಂದರು ಟೀಚರು. "ಹಾಸಿಗೇಲಿ ಯಾರು ಮಲಗಿಸ್ಕೋತಾರೆ?"

ಅವನು ತಂಗಿಯತ್ತ ತಿರುಗಿದ. "ಬರ್ತೀಯೋ ಇಲ್ವೋ?"

ಅಕ್ಕ ಬಾಯಿ ತೆರೆದವಳು ಮುಚ್ಚಿಕೊಂಡಳು. ಈ ಮಾತು ತಂಗಿಯ ಬಾಯಿಂದಲೇ ಬರಬೇಕಿತ್ತು. ತಂಗಿ ಹೋಗಿ ಕೌಂಟರಿನ ಹಿಂದೆ ಕೂತಳು.

"ಬರಲ್ಲ. ಮುಂದಿನ ವಾರದ ಮಾತೂ ಇಲ್ಲ."

ಅವನು ಕಾಲಪ್ಪಳಿಸುತ್ತ ಹೋದ. ಬಾರಿಸಿದ ಪುಸ್ತಕದ ಬೈಂಡು ಕಿತ್ತುಬಂದಿತ್ತು. ಅಕ್ಕ ನರ್ಸಮ್ಮನಿಗೆ ದಂಡ ಹಾಕಲಿಲ್ಲ. ಅಂಟು ಹಚ್ಚುತ್ತ ಕೂತಳು. ಇನ್ನೂ ಇಬ್ಬರು ಹೆಂಗಸರು ಅದೇ ಪುಸ್ತಕಕ್ಕೆ ಕಾದು ನಿಂತಿದ್ದರು.