ತೃಪ್ತಿಯಾಯಿತು ಎಂದ ಮೇಲೂ ಉಳಿದ ಬಾಕಿ

ನನ್ನ ಗಂಡನಿಗೆ ಯಾರಾದರೂ "ಸಾಕು" ಎಂದರೆ ಅದು ಸಾಕು. ಅದರಾಚೆಗೆ ಇನ್ನೊಂದು ಲೆಕ್ಕ ಇರುತ್ತದೆ ಎಂಬುದು ಅವರ ತಲೆಗೆ ಹೋಗುವುದೇ ಇಲ್ಲ. ಅದಕ್ಕೆ ಅವರ ಕಸುಬೇ ಕಾರಣ. ಕಾಶಿಯ ಹನುಮಾನ್ ಘಾಟಿನ ಮೇಲಿನ ಗಲ್ಲಿಯಲ್ಲಿ ನಮ್ಮ ಮನೆ. ಕರ್ನಾಟಕದಿಂದ ಬರುವ ಯಾತ್ರಿಕರನ್ನು ಮಹಡಿಯ ಕೋಣೆಗಳಲ್ಲಿ ಇಳಿಸಿಕೊಂಡು, ಶ್ರಾದ್ಧವೋ ಅಭಿಷೇಕವೋ ಮಾಡಿಸಿ, ಊಟ ಹಾಕಿ ಕಳಿಸುವುದು ಈ ಮನೆಯಲ್ಲಿ ಮೂರು ತಲೆಮಾರಿನಿಂದ ನಡೆದಿದೆ. ಎಲ್ಲ ಮುಗಿದ ಮೇಲೆ ಯಾತ್ರಿಕರು ದಕ್ಷಿಣೆ ಎಷ್ಟು ಎಂದು ಕೇಳಿದರೆ ಇವರು ಹೇಳುವುದು ಒಂದೇ ಮಾತು: "ಯಥಾಶಕ್ತಿ." ಒಬ್ಬರು ಐದು ಸಾವಿರ ಇಡುತ್ತಾರೆ, ಇನ್ನೊಬ್ಬರು ನೂರಾ ಒಂದು. ಇಬ್ಬರ ತಲೆಯ ಮೇಲೂ ಅಕ್ಷತೆ ಹಾಕಿ ಇವರು "ತೃಪ್ತಿಯಾಯಿತು" ಎನ್ನುತ್ತಾರೆ. ಆ ಮಾತು ಬಾಯಿಂದ ಬಂದರೆ ಕೆಲಸ ಸಂಪೂರ್ಣ. ಆಮೇಲೆ, ಇನ್ನಷ್ಟು ಬರಬೇಕಿತ್ತು ಎಂದು ಮನಸ್ಸಿನಲ್ಲಿ ಅಂದುಕೊಂಡರೂ ಮಾಡಿದ್ದೆಲ್ಲ ಕೆಟ್ಟಂತೆ ಎಂದು ಅವರ ನಂಬಿಕೆ. ನಾನು ಹಾಸನದ ಕಡೆಯವಳು, ಇಲ್ಲಿಗೆ ಮದುವೆಯಾಗಿ ಬಂದವಳು. ಐದು ದಿನ ಉಂಡು ನೂರಾ ಒಂದು ಕೊಟ್ಟು ಹೋದವರ ಮುಖ ನನಗೆ ಹತ್ತು ವರ್ಷವಾದರೂ ನೆನಪಿರುತ್ತದೆ.

ಲಾಕ್‌ಡೌನಿಗೆ ಒಂದು ವರ್ಷ ಮೊದಲು ಇವರು ಒಂದು ಫೈನಾನ್ಸ್ ಕಂಪನಿಯಲ್ಲಿ ಎರಡು ಲಕ್ಷ ಸಾಲ ಮಾಡಿದ್ದರು. ಮಂಡಿನೋವಿನ ಹಿರಿಯರಿಗೆ ಅನುಕೂಲವಾಗಲಿ ಎಂದು ಎರಡು ಕೋಣೆಗಳಿಗೆ ಕುರ್ಚಿ ತರಹದ ಕಕ್ಕಸು, ಗೀಸರು ಹಾಕಿಸಿದೆವು. ಒಂದು ವರ್ಷ ಕಂತು ಸರಿಯಾಗಿ ಹೋಯಿತು. ಆಮೇಲೆ ರೈಲು ನಿಂತಿತು, ಯಾತ್ರಿಕರು ನಿಂತರು, ಕಂತೂ ನಿಂತಿತು. ಕಂಪನಿಯವನೊಬ್ಬ ದಿನವೂ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದ. ಇವರು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಜನರ ಓಡಾಟ ಮತ್ತೆ ಶುರುವಾದ ಮೇಲೆ ಅದೇ ಮನುಷ್ಯ ಒಂದು ದಿನ ಬೇರೆ ರಾಗದಲ್ಲಿ ಮಾತಾಡಿದ. ಪಂಡಿತ್ ಜೀ, ಬಾಕಿ ಇರುವುದು ಒಂದು ಲಕ್ಷದ ಹತ್ತು ಸಾವಿರ, ನೀವು ಅರವತ್ತು ಕೊಟ್ಟುಬಿಡಿ, ಉಳಿದದ್ದು ಬಿಟ್ಟೆವು, ಖಾತೆ ಮುಗಿಯಿತು ಎಂದ. ಇವರಿಗೆ ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಬೈದವನೂ ಕೊನೆಗೆ ಯಥಾಶಕ್ತಿ ಎಂದನಲ್ಲ! ಅಲ್ಲಿ ಇಲ್ಲಿ ಕೂಡಿಸಿ ಅರವತ್ತು ಸಾವಿರ ಕಟ್ಟಿದರು. ಅಷ್ಟೇ ಅಲ್ಲ, ಅವನಿಗೆ ಫೋನಿನಲ್ಲೇ ಆಶೀರ್ವಾದ ಮಾಡಿ, ಕಾಶಿಗೆ ಬಂದರೆ ನಮ್ಮಲ್ಲೇ ಇಳಿಯಬೇಕು, ಬಾಡಿಗೆ ಬೇಡ ಎಂದರು. ನಾನು ಒಳಗಿನಿಂದ ಹಣೆ ಚಚ್ಚಿಕೊಂಡೆ. ಆದರೆ ಸಾಲ ಮುಗಿಯಿತಲ್ಲ ಎಂಬ ನೆಮ್ಮದಿ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ.

ಆ ನೆಮ್ಮದಿ ಮಗಳಿಗೆ ಫಿಸಿಯೋಥೆರಪಿ ಸೀಟು ಸಿಗುವವರೆಗೂ ಇತ್ತು.

ಊರಾಚೆಯ ಕಾಲೇಜು. ಮೊದಲ ವರ್ಷದ ಫೀಸು ಕಟ್ಟಲು ಹದಿನೈದು ದಿನ ಗಡುವು. ನಮ್ಮ ಮನೆಗೆ ಬರುವ ಮಂಡಿನೋವು, ಸೊಂಟನೋವು ನೋಡಿಕೊಂಡೇ ಬೆಳೆದ ಹುಡುಗಿ. ಹತ್ತನೇ ತರಗತಿಯಿಂದ ಅವಳ ಬಾಯಲ್ಲಿ ಇದೊಂದೇ ಓದಿನ ಮಾತು. ಮೂವರೂ ಟೋಟೋ ಎನ್ನುವ ಬ್ಯಾಟರಿ ರಿಕ್ಷಾ ಹತ್ತಿ ಸೋನಾರ್‌ಪುರದ ಬ್ಯಾಂಕಿಗೆ ಹೋದೆವು. ವಿದ್ಯಾಸಾಲಕ್ಕೆ ಮಗಳ ಜೊತೆ ತಂದೆಯೋ ತಾಯಿಯೋ ಸಹಿ ಮಾಡಬೇಕು. ಇವರು ಜುಬ್ಬದ ಕಿಸೆಯಿಂದ ಪೆನ್ನು ತೆಗೆದೂ ಆಗಿತ್ತು.

ಅಲ್ಲಿನ ಅಧಿಕಾರಿ ಇದೇ ಊರಿನ ಹೆಂಗಸು. ಕಂಪ್ಯೂಟರಿನಲ್ಲಿ ಏನೋ ನೋಡಿ, ಕನ್ನಡಕ ತೆಗೆದಿಟ್ಟು, ಇವರ ಸ್ಕೋರ್ ಬಹಳ ಕಡಿಮೆಯಿದೆ, ಈ ಸಹಿಯ ಮೇಲೆ ಸಾಲ ಕೊಡುವುದು ಕಷ್ಟ ಎಂದಳು. ಅವಳು ಸಮಾಧಾನದಿಂದಲೇ ವಿವರಿಸಿದಳು. ಸಾಲ ತೆಗೆದುಕೊಂಡವರೆಲ್ಲರ ನಡವಳಿಕೆ ಒಂದು ಕಡೆ ದಾಖಲಾಗುತ್ತದೆ. ಕಂತು ಕಟ್ಟದ ಒಂದೊಂದು ತಿಂಗಳೂ ಅದರಲ್ಲಿದೆ. ಅದಕ್ಕಿಂತ ಕೆಟ್ಟದ್ದು ಕೊನೆಯ ಸಾಲು. ಪೂರ್ತಿ ಕಟ್ಟಿ ಮುಗಿಸಿದ್ದರೆ "ಕ್ಲೋಸ್ಡ್" ಎಂದಿರುತ್ತಿತ್ತು, ಇಲ್ಲಿ "ಸೆಟಲ್ಡ್" ಎಂದಿದೆ. ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟು ರಾಜಿ ಮಾಡಿಕೊಂಡವರು ಎಂದು ಅದರರ್ಥ. ಅದು ವರ್ಷಗಟ್ಟಲೆ ಹಾಗೇ ಇರುತ್ತದೆ.

"ಅವನೇ ಅಲ್ವೇನೇ ಸಾಕು ಅಂದಿದ್ದು?" ಇವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. "ಸಾಕು ಅಂದು ಕೈ ತೊಳ್ಕೊಂಡ್ಮೇಲೆ ಹಿಂದಿನಿಂದ ಸಾಲಿಲ್ಲ ಅಂತ ಬರ್ಕೊಳೋದಾ? ಇದ್ಯಾವ ನ್ಯಾಯ?"

ಅಧಿಕಾರಿಗೆ ಭಾಷೆ ತಿಳಿಯದಿದ್ದರೂ ಸಂಕಟ ತಿಳಿಯಿತು. ಬಿಟ್ಟ ಐವತ್ತು ಸಾವಿರವನ್ನು ಈಗಲೂ ಕಂಪನಿಗೆ ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ತಂದರೆ ಆ ಕೊನೆಯ ಸಾಲನ್ನು ಬದಲಾಯಿಸಬಹುದು, ಆದರೆ ದಾಖಲೆಯಲ್ಲಿ ಬರಲು ಒಂದೆರಡು ತಿಂಗಳಾದರೂ ಬೇಕು ಎಂದಳು. ಆಮೇಲೆ ನನ್ನ ಕಡೆ ನೋಡಿ, "ದೀದಿ, ಆಪ್?" ಎಂದಳು. ನಿಮ್ಮ ಹೆಸರಿನಲ್ಲಿ ಹಿಂದೆ ಸಾಲವೇನಾದರೂ ಇತ್ತೇ? ಸರಿಯಾಗಿ ಕಟ್ಟಿದ ದಾಖಲೆಯಿದ್ದರೆ ನೀವೇ ಸಹಿ ಮಾಡಬಹುದು.

"ಅವಳ ಹೆಸರಲ್ಲಿ ಗ್ಯಾಸ್ ಸಿಲಿಂಡರ್ ಬಿಟ್ರೆ ಏನೂ ಇಲ್ಲ," ಎಂದು ಇವರು ಹಿಂದಿಯಲ್ಲಿ ಹೇಳಿ ನಕ್ಕರು. ನಾನೂ ಇಲ್ಲವೆಂದು ತಲೆಯಾಡಿಸಿದೆ.

ಅದು ಸುಳ್ಳು. ಲಾಕ್‌ಡೌನಿನ ಎರಡನೇ ತಿಂಗಳು, ಅಕ್ಕಿ ಡಬ್ಬ ಬರಿದಾದಾಗ, ನಾನು ನನ್ನ ನಾಲ್ಕು ಬಳೆಗಳನ್ನು ಬೇರೊಂದು ಬ್ಯಾಂಕಿನಲ್ಲಿ ಇಟ್ಟು ತೊಂಬತ್ತು ಸಾವಿರ ಚಿನ್ನದ ಸಾಲ ತಂದಿದ್ದೆ. ಕೈ ಬರಿದಾಗಿ ಕಾಣಬಾರದೆಂದು ವಿಶ್ವನಾಥ ಗಲ್ಲಿಯಲ್ಲಿ ಕೊಂಡಿದ್ದ ಗಿಲೀಟು ಬಳೆ ಹಾಕಿಕೊಂಡೆ. ಮಂತ್ರದಲ್ಲಿ ಒಂದು ಸ್ವರ ತಪ್ಪಿದರೆ ಹುಬ್ಬು ಗಂಟಿಕ್ಕುವ ಮನುಷ್ಯನಿಗೆ ಹೆಂಡತಿಯ ಕೈಯ ಬಳೆ ಬದಲಾದದ್ದು ತಿಳಿಯಲಿಲ್ಲ. ಯೂನಿವರ್ಸಿಟಿಯಲ್ಲಿರುವ ನಮ್ಮ ಕಡೆಯ ಡಾಕ್ಟರು, ಮೇಷ್ಟರುಗಳ ಮನೆಗಳಿಗೆ ಹುಳಿಪುಡಿ, ಚಟ್ನಿಪುಡಿ ಮಾಡಿಕೊಟ್ಟು ತಿಂಗಳು ತಿಂಗಳೂ ಕಂತು ಕಟ್ಟಿದೆ. ಒಂದೂ ತಪ್ಪಿಸಲಿಲ್ಲ. ಕಡೆಗೆ ಬಳೆ ಬಿಡಿಸಿಕೊಂಡೂ ಬಂದೆ.

ಸಾಲ ಮುಚ್ಚಿಟ್ಟದ್ದು ದೊಡ್ಡದಲ್ಲ. ಅದರ ಜೊತೆ ಹೇಳಿದ ಇನ್ನೊಂದು ಸುಳ್ಳು ನನ್ನ ಬಾಯಿ ಕಟ್ಟಿಹಾಕಿತ್ತು. ಈ ದುಡ್ಡು ಎಲ್ಲಿಂದ ಬಂತು ಎಂದು ಇವರು ಕೇಳಿದ್ದಾಗ, ಹಿಂದೆ ನಮ್ಮಲ್ಲಿ ಇಳಿದಿದ್ದ ಮೈಸೂರಿನ ಯಜಮಾನರೊಬ್ಬರು ಕಳಿಸಿದ್ದಾರೆ ಎಂದುಬಿಟ್ಟಿದ್ದೆ. ಇವರು ಸುಮ್ಮನಿರುವವರೇ? ಅವತ್ತಿನಿಂದ ಒಂದು ವರ್ಷ, ಒಂದು ದಿನವೂ ಬಿಡದೆ, ಅಂಗಳದ ಲಿಂಗಕ್ಕೆ ಆ ಮನೆಯವರ ಗೋತ್ರ, ನಕ್ಷತ್ರ, ಹೆಸರುಗಳನ್ನು ಸಂಕಲ್ಪದಲ್ಲಿ ಹೇಳಿ ಅಭಿಷೇಕ ಮಾಡಿದರು. ಬಂದವರಿಗೆಲ್ಲ, ಕಾಶಿಯಲ್ಲಿ ಇದ್ದವರನ್ನು ಯಾರೂ ಮರೆಯುವುದಿಲ್ಲ ನೋಡಿ ಎಂದು ಹೇಳಿಕೊಂಡು ತಿರುಗಿದರು. ಆ ಕಷ್ಟಕಾಲದಲ್ಲಿ ಅವರನ್ನು ನಿಲ್ಲಿಸಿದ್ದು ಆ ನಂಬಿಕೆಯೇ. ಅದನ್ನು ನಾನೇ ಮುರಿಯಬೇಕೆ?

ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಇಡ್ಲಿ ಇಳಿಸುತ್ತಿದ್ದಾಗ ಮಗಳು ಪಕ್ಕಕ್ಕೆ ಬಂದು ನಿಂತಳು. "ರಹನೇ ದೋ ಅಮ್ಮ," ಬಿಟ್ಟುಬಿಡು ಎಂದಳು. ಬೇಜಾರಾದರೆ ಅವಳಿಗೆ ಕನ್ನಡ ಬರುವುದಿಲ್ಲ. ಆಮೇಲೆ ಕಷ್ಟಪಟ್ಟು, "ಮುಂದಿನ ವರ್ಷ ನೋಡೋಣ. ಅಪ್ಪಂಗೆ ಏನೂ ಅನ್ಬೇಡ," ಎಂದಳು. ನನಗೆ ಸಿಟ್ಟು ಬಂತು, ಇವರ ಮೇಲೆ, ಆ ಫೋನಿನವನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಗಂಡನ ಮನಸ್ಸು ನೋಯುತ್ತದೆಂದು ಮಗಳ ಒಂದು ವರ್ಷ ಹಾಳು ಮಾಡಲು ಕೂತಿದ್ದೆನಲ್ಲ.

"ರೀ, ಬ್ಯಾಂಕಿಗೆ ಹೋಗಣ ನಡೀರಿ," ಎಂದೆ.

"ಈಗ್ಯಾಕೆ? ಏನಿದೆ ಅಲ್ಲಿ?"

"ಬನ್ನಿ ಅಂದ್ರೆ ಬನ್ನಿ."

ಅಧಿಕಾರಿಗೆ ನನ್ನ ಪ್ಯಾನ್ ಕಾರ್ಡು ಕೊಟ್ಟು, ನನ್ನ ದಾಖಲೆ ನೋಡಿ ಎಂದೆ. ಅವಳು ನೋಡಿದಳು. ಹುಬ್ಬು ಮೇಲೇರಿಸಿ, ಪರದೆಯನ್ನು ನಮ್ಮ ಕಡೆಗೇ ತಿರುಗಿಸಿದಳು. ಚಿನ್ನದ ಸಾಲ, ತೊಂಬತ್ತು ಸಾವಿರ, ಒಂದು ಕಂತೂ ತಡವಾಗಿಲ್ಲ, ಕ್ಲೋಸ್ಡ್. ಒಂಬೈನೂರಕ್ಕೆ ಏಳುನೂರ ಎಂಬತ್ತರ ಹತ್ತಿರ ಇತ್ತು ನನ್ನ ಸ್ಕೋರು. "ಬಹುತ್ ಬಢಿಯಾ, ದೀದಿ," ಎಂದಳು. ಜೀವಮಾನದಲ್ಲಿ ನನಗೆ ಅಷ್ಟು ಅಂಕ ಯಾರೂ ಕೊಟ್ಟಿರಲಿಲ್ಲ, ಆದರೆ ಹಿಗ್ಗುವುದಕ್ಕೆ ಧೈರ್ಯವಿರಲಿಲ್ಲ.

ಇವರು ಪರದೆಗೆ ಮುಖ ಹತ್ತಿರ ಮಾಡಿ ಸಾಲ ತೆಗೆದ ತಿಂಗಳು ಯಾವುದೆಂದು ಕೇಳಿದರು. ಅವಳು ಹೇಳಿದಳು. ಇವರು ಬೆರಳು ಮಡಿಸಿ ಏನೋ ಎಣಿಸಿದರು, ಹಿಂದಕ್ಕೆ ಒರಗಿ ಕುಳಿತರು. ನಾನು ಅರ್ಜಿಯ ಪುಟಪುಟಕ್ಕೂ ಸಹಿ ಹಾಕಿದೆ.

ಮನೆಗೆ ಬಂದು ಕಾಲು ತೊಳೆದ ಮೇಲೆ ಕೇಳಿದರು, "ಹಾಗಾದ್ರೆ ಮೈಸೂರಿನವ್ರು ಕಳಿಸ್ಲೇ ಇಲ್ವಾ?"

"ಒಂದ್ಸಲ ಫೋನ್ ಮಾಡಿ ಹೇಗಿದೀರಿ ಅಂತ ಕೇಳಿದ್ರು. ಅಷ್ಟೇ."

"ಒಂದು ವರ್ಷ ಅವ್ರ ಹೆಸರಲ್ಲಿ ಅಭಿಷೇಕ ಮಾಡಿದೀನಲ್ಲೇ!"

"ಅವ್ರೂ ಚೆನ್ನಾಗಿರ್ಲಿ ಬಿಡಿ. ಏನೀಗ?"

ಅವರು ನಗಲಿಲ್ಲ. ನನ್ನ ಕೈಯನ್ನು ಒಂದು ಸಲ ನೋಡಿದರು, ಅಲ್ಲಿ ಈಗ ಇದ್ದದ್ದು ಅಸಲಿ ಬಳೆಗಳೇ. ಆಮೇಲೆ ಮಹಡಿಗೆ ಹೋದವರು ಊಟಕ್ಕೆ ಕರೆದರೂ ಬೇಗ ಇಳಿದು ಬರಲಿಲ್ಲ. ಅವರಿಗೆ ಅವಮಾನವಾಗಿತ್ತು. ನನಗೂ ಅಳು ಬಂತು. ಅತ್ತು, ಅನ್ನ ಬಸಿದೆ.

ಗಡುವಿಗೆ ಎರಡು ದಿನ ಮುಂಚೆ ಸಾಲ ಮಂಜೂರಾಯಿತು. ಮಗಳು ಕಾಲೇಜಿಗೆ ಸೇರಿದಳು. ಈಗ ನಮ್ಮಲ್ಲಿಗೆ ಬರುವ ಅಜ್ಜಿಯರ ಮಂಡಿಗಳ ಮೇಲೆಲ್ಲ ಅವಳ ಅಧಿಕಾರ. ಇವರು ಆ ಫೈನಾನ್ಸ್ ಕಂಪನಿಯ ಆಫೀಸು ಹುಡುಕಿಕೊಂಡು ಹೋಗಿ, ನೀವು ಬಿಟ್ಟ ಐವತ್ತು ಸಾವಿರವನ್ನೂ ಕಟ್ಟುತ್ತೇನೆ ಎಂದರಂತೆ. ಅಲ್ಲಿದ್ದವರು ಇವರ ಮುಖವನ್ನೇ ನೋಡಿದರಂತೆ. ಮೂರು ಸಲಕ್ಕೆ ಕಟ್ಟಿ ಮುಗಿಸಿ, ಬಾಕಿಯಿಲ್ಲವೆಂಬ ಪತ್ರ ತಂದು ದೇವರ ಗೂಡಿನಲ್ಲಿಟ್ಟಿದ್ದಾರೆ. ಕಟ್ಟದೇ ಬಿಟ್ಟ ತಿಂಗಳುಗಳು ದಾಖಲೆಯಲ್ಲಿ ಇನ್ನೂ ಇವೆ, ಸ್ಕೋರು ನಿಧಾನಕ್ಕೆ ಏರುತ್ತಿದೆ.

ಆದರೆ ಬ್ಯಾಂಕಿನಿಂದ ಬಂದ ಮರುದಿನ ಬೆಳಿಗ್ಗೆ ನಡೆದದ್ದನ್ನು ಹೇಳಬೇಕು. ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ಅಂಗಳದಲ್ಲಿ ಇವರ ಸಂಕಲ್ಪ ನಡೆದಿತ್ತು. ದಿನವೂ ಕೇಳುವ ರಾಗ, ನಾನು ಕಿವಿಗೊಡುವುದಿಲ್ಲ. ನಡುವೆ ನನ್ನ ನಕ್ಷತ್ರ ಕೇಳಿಸಿತು, ಹಿಂದೆಯೇ ನನ್ನ ಹೆಸರು. ಇಷ್ಟು ವರ್ಷ "ಸಹಕುಟುಂಬ" ಎಂಬ ಒಂದು ಮಾತಿನೊಳಗೆ ನಾನೂ, ಮಗಳೂ ಸೇರಿಹೋಗುತ್ತಿದ್ದೆವು. ತುರಿಮಣೆ ಬಿಟ್ಟು ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಅವರು ತಿರುಗಿ ನೋಡಲಿಲ್ಲ. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ.

ತಿಂಗಳು ತುಂಬಿದ ದಿನ ನನಗೇ ಸಂಕೋಚವಾಗಿ ಹೇಳಿದೆ, "ಸಾಕು ರೀ. ನಂಗೆ ತೃಪ್ತಿಯಾಯ್ತು."

ಲಿಂಗದ ಮೇಲಿನಿಂದ ಕಣ್ಣು ತೆಗೆಯದೆ ಹೇಳಿದರು, "ನೀನು ಸಾಕು ಅಂದ್ರೆ ಅದು ಸೆಟಲ್ಡ್ ಅಂತ ಆಗತ್ತೆ. ನಂಗೆ ಕ್ಲೋಸ್ಡ್ ಬೇಕು. ಇನ್ನೂ ಹನ್ನೊಂದು ತಿಂಗಳಿದೆ, ಹಾಲು ತಗೊಂಬಾ."